ಹತ್ತು ಹೆಸರುಗಳ ಪಟ್ಟಿ

2024ರ ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವ ಮುನ್ನ ಮಂಗಳೂರಿನಲ್ಲಿ ಎಂಥ ಸೆಕೆಯಿರುತ್ತದೆಂಬುದನ್ನು ಇಲ್ಲಿ ಒಂದು ಬೇಸಗೆ ಕಳೆದವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನದ ಪ್ರಸಾದ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೆವು. ಬಂಟ್ವಾಳದ ಪರಿಚಿತ ಕುಟುಂಬದ ತಾಯಿಯೊಬ್ಬರು ದೂರವಾಣಿ ಮಾಡಿದರು. “ಸರ್, ನೀವು ಕೊಟ್ಟ ಪೆನ್ ಡ್ರೈವಿನಲ್ಲಿ ಎಂಟು ಪ್ರವಚನ ಚೆನ್ನಾಗಿ ಕೇಳುತ್ತದೆ. ಒಂಬತ್ತನೆಯದರಿಂದ ಹೆಸರು ಉಂಟು, ಒತ್ತಿದರೆ ಸ್ವರವೇ ಇಲ್ಲ ಮಾರಾಯ್ರೆ. ನಮ್ಮ ಟೀವಿಯದ್ದೇ ಏನಾದರೂ ದೋಷವೋ ಏನೋ” ಎಂದರು. ದೋಷವನ್ನು ತಮ್ಮ ಮನೆಯ ಮೇಲೆಯೇ ಹಾಕಿಕೊಂಡದ್ದು ಆ ತಾಯಿಯ ಸೌಜನ್ಯ. ದೋಷ ನಾವು ಕೊಟ್ಟ ವಸ್ತುವಿನಲ್ಲಿತ್ತು.

ಈ ಸಂಗತಿಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಾವು ಬಾಲ್ಯದಲ್ಲಿ ಉತ್ತರ ಕರ್ನಾಟಕದ ಒಂದು ಮಠದಲ್ಲಿದ್ದು ಕನ್ನಡ, ಸಂಸ್ಕೃತ ಓದಿದವರು. ಅನ್ನ, ಅರಿವೆ, ಅಕ್ಷರ ಮೂರನ್ನೂ ಅಲ್ಲಿಯೇ ಪಡೆದೆವು. ಅಧ್ಯಾಪಕ ವೃತ್ತಿ ನಮ್ಮನ್ನು ಈ ಕಡಲೂರಿಗೆ ತಂದಿತು. ನಿವೃತ್ತರಾದ ಮೇಲೂ ಇಲ್ಲಿಯೇ ನಿಂತೆವು. ನಮಗೆ ಪಾಠ ಹೇಳಿದ ಗುರುಗಳು 1983 ಮತ್ತು 1984ರ ಶ್ರಾವಣ ಮಾಸಗಳಲ್ಲಿ ಮಾಡಿದ ಪ್ರವಚನಗಳನ್ನು ಭಕ್ತರು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅವುಗಳಲ್ಲಿ ಇಪ್ಪತ್ತಾರು ನಮ್ಮಲ್ಲಿದ್ದವು. ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹತ್ತತೊಡಗಿದಾಗ, 2009ರಲ್ಲಿ ಅವನ್ನೆಲ್ಲ ಗಣಕಯಂತ್ರಕ್ಕೆ ಇಳಿಸಿಕೊಂಡೆವು. ಗುರುಗಳ ಪುಣ್ಯಸ್ಮರಣೆಯ ನಿಮಿತ್ತ ಆ ಇಪ್ಪತ್ತಾರನ್ನೂ ಪೆನ್ ಡ್ರೈವಿಗೆ ತುಂಬಿ ನೂರೈವತ್ತು ಮನೆಗಳಿಗೆ ಕೊಡಬೇಕೆಂದು ನಾವು ನಾಲ್ಕಾರು ಜನ ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿದೆವು. ಧ್ವನಿಯನ್ನು ಸಂಕೋಚಗೊಳಿಸದೆ ಇದ್ದಂತೆಯೇ ಕೊಡಬೇಕೆಂಬ ಹಟ ನಮ್ಮದು. ಆದಕಾರಣ 16 ಜಿಬಿಯ ಡ್ರೈವುಗಳು ಬೇಕಾದವು. ಅಗ್ಗಕ್ಕೆ ಸಿಕ್ಕಿತೆಂದು ಒಬ್ಬ ವರ್ತಕರಿಂದ ನೂರೈವತ್ತನ್ನೂ ಒಟ್ಟಿಗೆ ಕೊಂಡದ್ದೇ ಮೊದಲ ತಪ್ಪು. ಮೂವತ್ತನ್ನು ಹಂಚಿಯೂ ಆಗಿತ್ತು.

ನಮ್ಮ ಅಕ್ಕನ ಮೊಮ್ಮಗ ಇಲ್ಲಿಯೇ ಎಂಜಿನಿಯರಿಂಗ್ ಓದುತ್ತ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಇದ್ದಾನೆ. ಉಳಿದ ನೂರಿಪ್ಪತ್ತರಲ್ಲಿ ಒಂದನ್ನು ಅವನ ಕೈಗೆ ಕೊಟ್ಟೆವು. ಒಂದು ತಾಸಿನ ಮೇಲೆ ಇಳಿದು ಬಂದು, “ಅಜ್ಜಾ, ಇದು ಖೊಟ್ಟಿ ಮಾಲು ಅದ. ಹದಿನಾರು ಅಂತ ಹೇಳ್ತದ, ಒಳಗ ನಾಕು ಅಷ್ಟ ಅದ” ಎಂದನು.

ಇಂಥ ಮೋಸ ಹೇಗೆ ನಡೆಯುತ್ತದೆಂಬುದನ್ನು ಓದುಗರು ತಿಳಿದಿರುವುದು ಒಳಿತು, ಏಕೆಂದರೆ ಮದುವೆ, ಗೃಹಪ್ರವೇಶಗಳ ಚಿತ್ರಗಳನ್ನು ಇಂಥ ಡ್ರೈವುಗಳಲ್ಲಿಯೇ ಎಲ್ಲರೂ ಇಡುವುದು. ಪೆನ್ ಡ್ರೈವಿನೊಳಗೆ ಎರಡು ಮುಖ್ಯ ಚಿಪ್ಪುಗಳಿರುತ್ತವೆ. ಒಂದು ಉಗ್ರಾಣ, ಇನ್ನೊಂದು ಉಗ್ರಾಣದ ಪಾರುಪತ್ಯಗಾರ. ಗಣಕಯಂತ್ರವು ಉಗ್ರಾಣವನ್ನು ನೇರವಾಗಿ ನೋಡುವುದಿಲ್ಲ, ಪಾರುಪತ್ಯಗಾರನನ್ನು ಕೇಳುತ್ತದೆ. ನಾಲ್ಕು ಖಂಡುಗದ ಹಗೇವಿಗೆ ಹದಿನಾರು ಖಂಡುಗವೆಂದು ಸುಳ್ಳು ಹೇಳುವಂತೆ ಆ ಪಾರುಪತ್ಯಗಾರನನ್ನು ತಯಾರಿಸುವವರೇ ತಿದ್ದಿರುತ್ತಾರೆ. ನಾಲ್ಕು ತುಂಬಿದ ಮೇಲೆ ಬಂದ ಕಾಳನ್ನೂ ಆತ “ಇಟ್ಟೆ, ಇಟ್ಟೆ” ಎನ್ನುತ್ತ ಹೊರಗೆ ಚೆಲ್ಲುತ್ತಾನೆ. ಕೆಲವು ಡ್ರೈವುಗಳಲ್ಲಿ ಮೊದಲು ಇಟ್ಟುದರ ಮೇಲೆಯೇ ಮತ್ತೆ ಸುರಿಯುತ್ತಾನೆ. ಹೆಸರಿನ ಪಟ್ಟಿ ಉಗ್ರಾಣದ ಬಾಗಿಲಲ್ಲೇ ಇರುವುದರಿಂದ ಹೆಸರುಗಳೆಲ್ಲ ಸರಿಯಾಗಿ ಕಾಣುತ್ತವೆ. ಬಂಟ್ವಾಳದಲ್ಲಿ ಆದದ್ದೂ ಅದೇ.

ಹುಡುಗನು ಪರೀಕ್ಷೆಗೆ ಬಳಸಿದ ಉಪಕರಣದ ಹೆಸರು ಎಫ್ 3. ಮಿಶೆಲ್ ಮಚಾಡೊ ಎಂಬವರು 2010ರಲ್ಲಿ ತಮ್ಮ ದೂರವಾಣಿಗೆಂದು 32 ಜಿಬಿಯ ಕಾರ್ಡು ಕೊಂಡು, ಅದು ತುಂಬುವ ಹೊತ್ತಿಗೆ ಕೈಕೊಟ್ಟಾಗ, ಇದನ್ನು ಬರೆಯಲಾರಂಭಿಸಿದರಂತೆ. ಜರ್ಮನಿಯ ಒಂದು ಗಣಕ ಪತ್ರಿಕೆಯವರು ಅದಕ್ಕೂ ಮುಂಚೆ ಇಂಥದೇ ಒಂದನ್ನು ವಿಂಡೋಸ್ ಯಂತ್ರಗಳಿಗೆ ಮಾಡಿದ್ದರು. ಎಫ್ 3 ಯಾರು ಬೇಕಾದರೂ ಹಣ ಕೊಡದೆ ಪಡೆದು, ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ಇದರಲ್ಲಿ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಅಪ್ಪಣೆ ಬರೆದು ಎಂಟರ್ ಒತ್ತಬೇಕು; ಯಂತ್ರವೂ ಅಕ್ಷರಗಳಲ್ಲಿಯೇ ಉತ್ತರ ಕೊಡುತ್ತದೆ. ಆದೇಶ ಸಾಲು ಎಂದು ಬಲ್ಲವರು ಕರೆಯುವುದು ಇದನ್ನೇ. ಓಲೆಗರಿಯನ್ನು ಓದಿ ಬೆಳೆದ ನಮಗೆ ಇದು ಚಿತ್ರಗಳ ಗದ್ದಲಕ್ಕಿಂತ ಹಿತವೆನಿಸಿತೆಂದರೆ ಹುಡುಗನು ನಕ್ಕನು.

ಪರೀಕ್ಷೆಯ ಕ್ರಮ ಬಹಳ ಸರಳ. ಡ್ರೈವಿನ ತುಂಬ ಕಡತಗಳನ್ನು ಬರೆಯುತ್ತದೆ. ಒಂದೊಂದು ಕಡತಕ್ಕೆ ಒಂದೊಂದು ಜಿಬಿ. ಹೆಸರು ಒಂದು, ಎರಡು, ಮೂರು ಎಂದು ಸಂಖ್ಯೆಗಳೇ. ಯಾವ ಜಾಗದಲ್ಲಿ ಏನು ಇರಬೇಕೆಂಬುದು ಲೆಕ್ಕದಿಂದಲೇ ಸಿಗುವಂತೆ ಬರೆದಿರುತ್ತದೆ. ಅನಂತರ ಎಲ್ಲವನ್ನೂ ಮೊದಲಿನಿಂದ ಓದಿ, ಇರಬೇಕಾದುದೇ ಇದೆಯೋ ಎಂದು ತಾಳೆ ನೋಡುತ್ತದೆ. ಫಲವನ್ನು ನಾಲ್ಕು ರಾಶಿ ಮಾಡಿ ತೋರಿಸುತ್ತದೆ: ಸರಿಯಿರುವುದು, ಕೆಟ್ಟುಹೋದುದು, ತುಸು ಬದಲಾದುದು, ಮತ್ತು ಬೇರೊಂದು ಜಾಗದ್ದು ಇಲ್ಲಿ ಬಂದು ಕುಳಿತದ್ದು. ಈ ನಾಲ್ಕನೆಯ ರಾಶಿಯನ್ನು ಕಂಡು ನಮಗೆ ಬಹಳ ಸಂತೋಷವಾಯಿತು. ಗರಿ ತಪ್ಪಿ ಸೇರಿದ ಕಟ್ಟುಗಳನ್ನು ನಾವೆಷ್ಟು ನೋಡಿಲ್ಲ! ಅಕ್ಷರ ಶುದ್ಧವಾಗಿಯೇ ಇರುತ್ತದೆ, ಸ್ಥಳ ಮಾತ್ರ ತಪ್ಪು. ಅಂಥ ದೋಷವನ್ನು ಕಂಡುಹಿಡಿಯುವುದು ಮುರಿದ ಗರಿಯನ್ನು ಗುರುತಿಸುವುದಕ್ಕಿಂತ ಕಷ್ಟ.

ತೊಂದರೆಯಿದ್ದುದು ಹೊತ್ತಿನಲ್ಲಿ. ಇಂಥ ಅಗ್ಗದ ಡ್ರೈವಿಗೆ 16 ಜಿಬಿ ಬರೆಯಲು ಅರ್ಧ ಗಂಟೆಗೂ ಹೆಚ್ಚು, ಓದಿ ನೋಡಲು ಕಾಲು ಗಂಟೆ. ಒಂದಕ್ಕೆ ಮುಕ್ಕಾಲು ಗಂಟೆ. ನೂರಿಪ್ಪತ್ತಕ್ಕೆ ತೊಂಬತ್ತು ಗಂಟೆ. ಉಪಕರಣವಾದರೋ ಒಂದು ಸಲಕ್ಕೆ ಒಂದೇ ಡ್ರೈವಿನ ಹೆಸರನ್ನು ಕೇಳುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಬಂದು ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಿ ಅಪ್ಪಣೆ ಬರೆಯಲು ಮನೆಯಲ್ಲಿ ಯಾರಿದ್ದಾರೆ? ಹುಡುಗನು ಒಂದು ಸಂಜೆ ಕುಳಿತು ಉಪಕರಣದ ಹೊರಗೆ ಒಂದು ಹೊದಿಕೆ ಹೆಣೆದನು. ಒಂದು ಸಣ್ಣ ಕಡತದಲ್ಲಿ ಡ್ರೈವುಗಳ ಹೆಸರುಗಳನ್ನು ಸಾಲಿಗೊಂದರಂತೆ ಬರೆದಿಡುವುದು. ಅವನ ಬರಹವು ಆ ಪಟ್ಟಿಯನ್ನು ಓದಿ, ಮೊದಲನೆಯ ಡ್ರೈವಿನೊಳಗಿನದನ್ನೆಲ್ಲ ಅಳಿಸಿ, ಎಫ್ 3ಕ್ಕೆ ಒಪ್ಪಿಸಿ, ಫಲವನ್ನು ಬರೆದುಕೊಂಡು, ಎರಡನೆಯದಕ್ಕೆ ಹೋಗುವುದು. ಹತ್ತು ಬಾಯಿಯ ಯುಎಸ್‌ಬಿ ಹಬ್ ಒಂದನ್ನು ತಂದನು. ರಾತ್ರಿ ಹತ್ತಕ್ಕೆ ಹತ್ತು ಡ್ರೈವು ಚುಚ್ಚಿ ಮಲಗಿದರೆ ಬೆಳಗಿನ ಐದೂವರೆಗೆ ಫಲ ಸಿದ್ಧ. ಹನ್ನೆರಡು ರಾತ್ರಿಗಳ ಕೆಲಸ.

ಇದನ್ನು ಬ್ಯಾಚ್ ಎನ್ನುತ್ತಾರೆಂದು ಅವನು ಹೇಳಿದಾಗ ಕನ್ನಡದಲ್ಲಿ ಏನೆನ್ನಬೇಕೆಂದು ನಾವು ತಡಕಾಡಿದೆವು. ಗುಂಪು, ಕಂತು, ವರ್ಗ ಯಾವುದೂ ಸರಿಹೊಂದಲಿಲ್ಲ. ಅಡುಗೆಮನೆಯಿಂದ ನಮ್ಮ ಮನೆಯವರು, “ಅದು ಒಬ್ಬೆ ಅಲ್ಲವೇ? ಒಂದು ಒಬ್ಬೆ ಇಡ್ಲಿ, ಎರಡನೆಯ ಒಬ್ಬೆ ಇಡ್ಲಿ” ಎಂದರು. ಇಂಗ್ಲಿಷಿನ ಬ್ಯಾಚ್ ಎಂಬ ಮಾತೂ ರೊಟ್ಟಿ ಸುಡುವ ಧಾತುವಿನಿಂದಲೇ ಹುಟ್ಟಿದ್ದೆಂಬುದು ಆಮೇಲೆ ನಿಘಂಟು ನೋಡಿದಾಗ ತಿಳಿಯಿತು. ಮಂಗಳೂರಿನವರಿಗಂತೂ ಇದು ಹೊಸ ವಿಚಾರವಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ನೇತ್ರಾವತಿಯ ದಡದ ಮೇಲೆ ಹಂಚಿನ ಕಾರ್ಖಾನೆ ತೆರೆದಂದಿನಿಂದ ಇಲ್ಲಿ ಹಂಚುಗಳು ಬೆಂದದ್ದು ಒಬ್ಬೆ ಒಬ್ಬೆಯಾಗಿಯೇ. ಒಂದೊಂದು ಹಂಚನ್ನು ಬೇರೆ ಬೇರೆ ಬೇಯಿಸಿದ್ದರೆ ಊರಿಗೆ ಸೂರಾಗುತ್ತಿತ್ತೇ?

ಗಣಕಯಂತ್ರಗಳಲ್ಲಿಯೂ ಇದು ಹಳೆಯ ಪದ್ಧತಿ. ಮೊದಮೊದಲು ಒಬ್ಬೊಬ್ಬರು ತಮ್ಮ ರಂಧ್ರಕಾರ್ಡುಗಳ ಕಟ್ಟು ಹಿಡಿದು ಸರದಿಯ ಮೇಲೆ ಯಂತ್ರದ ಮುಂದೆ ಕೂಡುತ್ತಿದ್ದರಂತೆ. ಒಬ್ಬರೆದ್ದು ಇನ್ನೊಬ್ಬರು ಕುಳಿತುಕೊಳ್ಳುವಷ್ಟರಲ್ಲಿ ಬಹು ಬೆಲೆಯ ಯಂತ್ರ ಸುಮ್ಮನಿರುತ್ತಿತ್ತು. 1956ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಕಂಪನಿಗಳವರು ಐಬಿಎಂ 704 ಎಂಬ ಯಂತ್ರಕ್ಕೆ, ಒಂದರ ಹಿಂದೊಂದು ಕೆಲಸವನ್ನು ತಾನೇ ಎತ್ತಿಕೊಳ್ಳುವ ವ್ಯವಸ್ಥೆ ಮಾಡಿದರು. ನಮ್ಮ ಕಾಲೇಜಿನ ಕಚೇರಿಗೆ 1990ರ ದಶಕದಲ್ಲಿ ಮೊದಲ ಗಣಕಯಂತ್ರ ಬಂದಾಗ ಅದರಲ್ಲಿ ‘ಬ್ಯಾಟ್’ ಎಂದು ಕೊನೆಗೊಳ್ಳುವ ಕಡತವೊಂದಿತ್ತು. ಗುಮಾಸ್ತರು ಅದನ್ನು ಕ್ರಿಕೆಟ್ ಆಟದ ಕಡತವೆಂದು ತಿಳಿದು ಅಳಿಸಿಬಿಟ್ಟು, ಮರುದಿನ ಮುದ್ರಣಯಂತ್ರ ಕೆಲಸ ಮಾಡದೆ ಪ್ರಾಂಶುಪಾಲರಿಂದ ಮಾತು ಕೇಳಿದ್ದರು. ಅದು ಬ್ಯಾಚ್ ಎಂಬುದರ ಹ್ರಸ್ವವೆಂದು ನಮಗೆ ತಿಳಿದದ್ದು ಈಗ, ಮೂವತ್ತು ವರ್ಷಗಳ ಮೇಲೆ.

ಮೊದಲ ರಾತ್ರಿ ಹತ್ತನ್ನೂ ಚುಚ್ಚಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಮೂರನೆಯದರಲ್ಲಿಯೇ ನಿಂತಿತ್ತು. ಮೂರನೆಯದು ಖೊಟ್ಟಿ, ದೋಷ ಕಂಡೊಡನೆ ಅವನ ಬರಹ ಕೆಲಸ ನಿಲ್ಲಿಸಿ ನಮಗಾಗಿ ಕಾದಿತ್ತು. ಉಳಿದ ಏಳು ಹಾಗೆಯೇ ಇದ್ದವು. ಈ ವಿಷಯದಲ್ಲಿ ನಮಗೂ ಅವನಿಗೂ ಚರ್ಚೆ ನಡೆಯಿತು. ತಪ್ಪು ಕಂಡಲ್ಲಿ ನಿಲ್ಲುವುದೇ ಧರ್ಮವೆಂದು ನಾವು. ಇರುಳೆಲ್ಲ ನಿಲ್ಲುವುದಾದರೆ ಒಬ್ಬೆ ಏಕೆ ಎಂದು ಅವನು. ಕೊನೆಗೆ ಅವನ ಮಾತೇ ಗೆದ್ದಿತು. ಒಂದು ಡ್ರೈವಿನ ದೋಷ ಇನ್ನೊಂದಕ್ಕೆ ಸಂಬಂಧಿಸಿದುದಲ್ಲ. ದೋಷವನ್ನು ಬರೆದುಕೊಂಡು ಮುಂದೆ ಹೋಗಲಿ ಎಂದು ತಿದ್ದಿದನು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಪೂಜೆಯ ಅನಂತರ ಆ ಫಲಪಟ್ಟಿಯನ್ನು ಓದುವುದು ನಮ್ಮ ಪಾಲಿನ ಕೆಲಸವಾಯಿತು.

ನೂರಿಪ್ಪತ್ತನ್ನೂ ಪರೀಕ್ಷಿಸಬೇಕೇ, ಹತ್ತರಲ್ಲಿ ಒಂದನ್ನು ನೋಡಿದರೆ ಸಾಲದೇ ಎಂದು ಹಳೆಯ ವಿದ್ಯಾರ್ಥಿ ಮಿತ್ರರೊಬ್ಬರು ಕೇಳಿದರು. ಅವರು ಚುನಾವಣಾ ಕರ್ತವ್ಯ ಮಾಡಿದವರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರಗಳನ್ನು ಚುನಾವಣೆಗೆ ಮುನ್ನ ಆ ಸಂಸ್ಥೆಗಳ ಎಂಜಿನಿಯರುಗಳು ಪಕ್ಷಗಳ ಪ್ರತಿನಿಧಿಗಳ ಸಮ್ಮುಖದಲ್ಲಿ ಪರೀಕ್ಷಿಸುತ್ತಾರೆ. ಎಲ್ಲ ಯಂತ್ರಗಳನ್ನೂ ಒಮ್ಮೆ ನೋಡುವುದುಂಟು. ಆದರೆ ಸಾವಿರದಷ್ಟು ಅಣಕು ಮತ ಹಾಕಿ ನೋಡುವುದು ನೂರರಲ್ಲಿ ಐದನ್ನು ಮಾತ್ರ: ಶೇಕಡಾ ಒಂದಕ್ಕೆ 1,200 ಮತ, ಶೇಕಡಾ ಎರಡಕ್ಕೆ 1,000, ಇನ್ನೆರಡಕ್ಕೆ 500. ಮತದಾನದ ಬೆಳಿಗ್ಗೆ ಮತಗಟ್ಟೆಯಲ್ಲಿ ಪ್ರತಿಯೊಂದು ಯಂತ್ರಕ್ಕೂ ಕನಿಷ್ಠ 50 ಅಣಕು ಮತ ಹಾಕುತ್ತಾರೆ. ಅದು ಒಂದೇ ಕಾರ್ಖಾನೆಯಲ್ಲಿ ಒಂದೇ ಕ್ರಮದಲ್ಲಿ ತಯಾರಾದ ವಸ್ತುವಿಗೆ ಸರಿ. ನಮ್ಮ ಮೂಟೆಯಲ್ಲಿದ್ದುದು ಎಲ್ಲೆಲ್ಲಿಂದಲೋ ಗೋರಿ ತಂದ ಕಾಳು. ಒಂದು ಹಿಡಿ ನೋಡಿ ಉಳಿದುದನ್ನು ನಂಬುವ ಹಾಗಿರಲಿಲ್ಲ. ಆದುದರಿಂದ ಎಲ್ಲವನ್ನೂ ಪರೀಕ್ಷಿಸುವುದೆಂದೇ ತೀರ್ಮಾನಿಸಿದೆವು.

ಜೂನ್ ತಿಂಗಳು ಅರ್ಧ ಕಳೆದಿತ್ತು. ಏಳು ಒಬ್ಬೆ ಮುಗಿದಿದ್ದವು. ಹುಡುಗನಿಗೆ ಪರೀಕ್ಷೆ ಮುಗಿದು ಊರಿಗೆ ಹೋಗುವವನಿದ್ದನು. ಕೆಲಸ ನಿಲ್ಲದಿರಲೆಂದು ನಮಗೆ ಎಲ್ಲವನ್ನೂ ಹೇಳಿಕೊಟ್ಟು, ಪಟ್ಟಿಯನ್ನು ಓಡಿಸುವ ಒಂದು ಸಾಲು ಅಪ್ಪಣೆಯನ್ನು ಕಾಗದದ ಮೇಲೆ ದೊಡ್ಡಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ ಹೋದನು. “ನಡುವ ನಿಂತ್ರ ಮತ್ತ ಇದನ್ನ ಹೊಡೀರಿ ಅಜ್ಜಾ, ಮೊದಲಿಂದ ಶುರು ಆಗ್ತದ” ಎಂದಿದ್ದನು.

ಇಲ್ಲಿ ಇನ್ನೊಂದು ಡ್ರೈವಿನ ಮಾತು ಬರಬೇಕು. ಮಠದಲ್ಲಿ ನಮ್ಮ ಜೊತೆಗೆ ಓದಿದ ಗೆಳೆಯರೊಬ್ಬರು, ಪುಣ್ಯಸ್ಮರಣೆಯ ಸುದ್ದಿ ಕೇಳಿ, ತಮ್ಮಲ್ಲಿದ್ದ ಹನ್ನೊಂದು ಪ್ರವಚನಗಳನ್ನು ಕಳುಹಿಸಿಕೊಟ್ಟಿದ್ದರು. ನಮ್ಮ ಇಪ್ಪತ್ತಾರರಲ್ಲಿ ಇಲ್ಲದವು ಅವು. ಕ್ಯಾಸೆಟ್ಟುಗಳು ಜಿಗುಟಾಗಿ, ಒಂದು ಸಲ ಓಡಿ ಇಳಿಸಿಕೊಳ್ಳುವಷ್ಟರಲ್ಲೇ ಟೇಪು ಸುಕ್ಕುಗಟ್ಟಿ ಹರಿದುಹೋಗಿದ್ದವು. ಅದಾದ ಎರಡು ತಿಂಗಳಿಗೆ ಗೆಳೆಯರೂ ಲಿಂಗೈಕ್ಯರಾದರು. ಆ ಹನ್ನೊಂದು ನಮ್ಮ ಸ್ವಂತದ 32 ಜಿಬಿಯ ಡ್ರೈವಿನಲ್ಲಿ, ಮೊದಲಿನ ಇಪ್ಪತ್ತಾರು ಮತ್ತು ಗುರುಗಳ ಟಿಪ್ಪಣಿ ಪುಸ್ತಕಗಳ ಚಿತ್ರಗಳ ಹಿಂದೆ, ಕೊನೆಗೆ ಸೇರಿದ್ದವು. ಇನ್ನೊಂದು ಪ್ರತಿ ಮಾಡಿಡಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆವು. ಹುಡುಗನು ಹೋದ ಸಂಜೆ ಅವುಗಳಲ್ಲೊಂದನ್ನು ಕೇಳುವ ಮನಸ್ಸಾಗಿ, ಹತ್ತು ಡ್ರೈವುಗಳನ್ನು ಹಬ್ಬಿಗೆ ಚುಚ್ಚಿದ ಮೇಲೆ, ನಮ್ಮದನ್ನು ಯಂತ್ರದ ಮುಂಬದಿಯ ಬಾಯಿಗೆ ಚುಚ್ಚಿ ಕೇಳಿದೆವು. ಕೇಳಿ ಮುಗಿಸಿ, ತೆಗೆಯಲು ಮರೆತು, ಅಪ್ಪಣೆ ಬರೆದು ಮಲಗಿದೆವು.

ನಡುರಾತ್ರಿ ಗುಡುಗು, ಮಳೆ, ವಿದ್ಯುತ್ತು ಹೋಯಿತು. ನಾಲ್ಕು ಗಂಟೆಯ ಸುಮಾರಿಗೆ ಬಂದಿತು. ನಾಲ್ಕೂವರೆಗೆ ನಾವು ಎದ್ದು, ಯಂತ್ರವನ್ನು ಚಾಲೂ ಮಾಡಿ, ಗೋಡೆಯ ಮೇಲಿನ ಸಾಲನ್ನು ನೋಡಿ ನೋಡಿ ಹೊಡೆದು, ಎಂಟರ್ ಒತ್ತಿ, ಸ್ನಾನಕ್ಕೂ ಪೂಜೆಗೂ ಹೋದೆವು. ನಲವತ್ತು ನಿಮಿಷದ ಮೇಲೆ ಬಂದು ಪರದೆ ನೋಡಿದಾಗ ‘18’ ಎಂಬ ಅಂಕಿ ಇತ್ತು. ಹದಿನೆಂಟನೆಯ ಕಡತವನ್ನು ಬರೆಯುತ್ತಿತ್ತು. ಅಷ್ಟು ದಿನ ದಿನವೂ ಫಲಪಟ್ಟಿ ಓದಿದ್ದ ಪುಣ್ಯದಿಂದ, 16 ಜಿಬಿಯ ಡ್ರೈವಿನಲ್ಲಿ ಹದಿನೈದರ ಮೇಲೆ ಅಂಕಿ ಹೋಗುವುದಿಲ್ಲವೆಂಬುದು ನಮಗೆ ಬಾಯಿಪಾಠವಾಗಿತ್ತು. ಹದಿನೆಂಟು ಎಲ್ಲಿಂದ ಬಂತು? ಮುಂಬದಿಯ ಬಾಯಿಯಲ್ಲಿ ನಮ್ಮ ಡ್ರೈವಿನ ಸಣ್ಣ ದೀಪ ಮಿಣುಕುತ್ತಿತ್ತು. ಕಿತ್ತೆಳೆದೆವು. ಕೈ ನಡುಗಿದ್ದು ಈಗಲೂ ನೆನಪಿದೆ.

ಏನಾಗಿತ್ತೆಂಬುದನ್ನು ಹುಡುಗನು ದೂರವಾಣಿಯಲ್ಲಿಯೇ ಊಹಿಸಿ ಹೇಳಿದನು. ಲಿನಕ್ಸ್ ಯಂತ್ರವು ಡ್ರೈವುಗಳಿಗೆ ಅವು ತನಗೆ ಕಂಡುಬಂದ ಕ್ರಮದಲ್ಲಿ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಅಕ್ಷರಗಳನ್ನು ಹಂಚುತ್ತದೆ. ಮೊದಲನೆಯದು ಯಂತ್ರದ ಒಳಗಿನ ಡಿಸ್ಕು. ರಾತ್ರಿ ಹಬ್ಬಿನ ಹತ್ತಕ್ಕೆ ಮುಂದಿನ ಹತ್ತು ಅಕ್ಷರಗಳು ಸಿಕ್ಕಿದ್ದವು. ಕೊನೆಗೆ ಚುಚ್ಚಿದ ನಮ್ಮ ಡ್ರೈವಿಗೆ ಹನ್ನೊಂದನೆಯದು. ಪಟ್ಟಿಯಲ್ಲಿದ್ದುದು ಹತ್ತೇ ಹೆಸರು. ಆದಕಾರಣ ಇರುಳಿನ ಮೊದಲ ಭಾಗದಲ್ಲಿ ನಮ್ಮದು ಸುರಕ್ಷಿತವಾಗಿಯೇ ಇತ್ತು. ವಿದ್ಯುತ್ತು ಹೋಗಿ ಯಂತ್ರ ಮತ್ತೆ ಎದ್ದಾಗ ಅದಕ್ಕೆ ಮೊದಲು ಕಂಡದ್ದು ಮುಂಬದಿಯ ಬಾಯಿ. ಹನ್ನೊಂದನೆಯದು ಒಂದನೆಯದಾಯಿತು. ಪಟ್ಟಿ ಬದಲಾಗಲಿಲ್ಲ, ಅದರ ಒಂದಕ್ಷರವೂ ಬದಲಾಗಲಿಲ್ಲ. ಆ ಹೆಸರುಗಳ ಹಿಂದಿದ್ದವರು ಬದಲಾಗಿದ್ದರು.

ಯಾರ ತಪ್ಪೆಂದು ನಾವು ಬಹಳ ಯೋಚಿಸಿದೆವು. ಹುಡುಗನು ತನ್ನದೆಂದು ಅತ್ತನು. ಡ್ರೈವನ್ನು ಮರೆತವರು ನಾವು; ಎಂಟರ್ ಒತ್ತಿದ ಬೆರಳೂ ನಮ್ಮದೇ. ಒಂದೊಂದಾಗಿ ಪರೀಕ್ಷಿಸುತ್ತಿದ್ದ ಮೊದಲ ದಿನ ಅವನು ಪ್ರತಿ ಸಲವೂ ಡ್ರೈವನ್ನು ಕೈಯಲ್ಲಿ ಹಿಡಿದು, ಪರದೆಯ ಮೇಲೆ ಅದರ ಅಳತೆ ನೋಡಿ, ಇದೇ ಹೌದೆಂದು ಖಚಿತ ಮಾಡಿಕೊಂಡು ಅಪ್ಪಣೆ ಬರೆಯುತ್ತಿದ್ದನು. ಆ ನೋಟಕ್ಕೆ ಅವನು ಹೆಸರಿಟ್ಟಿರಲಿಲ್ಲ, ಅದೊಂದು ಪರೀಕ್ಷೆಯೆಂದೂ ತಿಳಿದಿರಲಿಲ್ಲ. ಹತ್ತಕ್ಕೆ ಪಟ್ಟಿ ಮಾಡಿದಾಗ ಉಪಕರಣದ ಕೆಲಸವೆಲ್ಲ ಪಟ್ಟಿಗೆ ಬಂದಿತು. ಈ ಕಣ್ಣಿನ ಕೆಲಸ ಮಾತ್ರ ಹೊರಗೆ ಉಳಿಯಿತು.

ಮಠದಲ್ಲಿ ನಮಗೆ ಹದಿನಾಲ್ಕು ವರ್ಷವಿದ್ದಾಗ ಗುರುಗಳು ಒಂದು ಗ್ರಂಥದ ಮೂರು ಓಲೆ ಪ್ರತಿಗಳನ್ನು ಮುಂದಿಟ್ಟು ಪಾಠಾಂತರ ಗುರುತಿಸಲು ಹಚ್ಚಿದ್ದರು. ಮೂವರು ಲಿಪಿಕಾರರೂ ತಪ್ಪಿದ್ದರು, ಆದರೆ ಒಬ್ಬರು ತಪ್ಪಿದಲ್ಲಿ ಇನ್ನೊಬ್ಬರು ತಪ್ಪಿರಲಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಿ, ಮೂರು ಅಶುದ್ಧ ಪ್ರತಿಗಳಿಂದ ಒಂದು ಶುದ್ಧ ಪಾಠ ದೊರೆಯಿತು. ಅಚ್ಚಿನ ಮನೆಯ ಸಂಗತಿ ಹಾಗಲ್ಲ. ಇದೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1,700ಕ್ಕೂ ಹೆಚ್ಚು ಪುಟಗಳಾಗಿ 1894ರಲ್ಲಿ ಇಲ್ಲಿಯೇ ಹೊರಬಂದಿತು. ಅಚ್ಚಿನ ಮೊಳೆ ಒಂದು ತಪ್ಪಿ ಕುಳಿತರೆ ಎಲ್ಲ ಪ್ರತಿಗಳಲ್ಲಿಯೂ ಅದೇ ಪುಟದ ಅದೇ ಸಾಲಿನಲ್ಲಿ ಅದೇ ತಪ್ಪು. ಯಾವ ಪ್ರತಿಯನ್ನು ತಂದು ಹೋಲಿಸಿದರೂ ಅದನ್ನು ಹಿಡಿಯಲಾಗದು. ಆದುದರಿಂದಲೇ ಅಚ್ಚಿನವರು ಎಲ್ಲ ಶ್ರಮವನ್ನೂ ಮುದ್ರಣಕ್ಕೆ ಮುಂಚೆ, ಕರಡಿನ ಮೇಲೆ ಹಾಕುತ್ತಿದ್ದರು. ಕರಡು ತಿದ್ದುವವರ ಕಣ್ಣಿಗೆ ಅಚ್ಚುಮನೆಯಲ್ಲಿ ಎಷ್ಟು ಗೌರವವಿತ್ತೆಂಬುದನ್ನು ನಾವು ನಮ್ಮ ಪುಸ್ತಕಗಳು ಅಚ್ಚಾಗುವ ಕಾಲದಲ್ಲಿ ಕಂಡಿದ್ದೇವೆ. ಇಷ್ಟನ್ನು ತಿಳಿದೂ ನಾವು ಹತ್ತು ಹೆಸರುಗಳ ಪಟ್ಟಿಯನ್ನು ಕರಡು ನೋಡದೆ ಅಚ್ಚಿಗೆ ಬಿಟ್ಟಿದ್ದೆವು.

ಹುಡುಗನು ಮೂರನೆಯ ದಿನವೇ ಊರಿನಿಂದ ಮರಳಿದನು. ಕ್ರಿಸ್ತೋಫ್ ಗ್ರನಿಯೇ ಎಂಬವರು ಬರೆದ ಫೋಟೊರೆಕ್ ಎಂಬ ಮುಕ್ತ ಉಪಕರಣದಿಂದ ನಮ್ಮ ಡ್ರೈವನ್ನು ಶೋಧಿಸಿದನು. ಇದೂ ಕಪ್ಪು ಪರದೆಯದೇ. ಅಳಿಸಿದ ಡ್ರೈವಿನಲ್ಲಿ ಹೆಸರಿನ ಪಟ್ಟಿ ಹೋಗಿದ್ದರೂ, ಮೇಲೆ ಹೊಸದಾಗಿ ಬರೆಯದಿರುವ ಜಾಗದಲ್ಲಿ ಹಳೆಯ ಕಡತಗಳು ಹಾಗೆಯೇ ಇರುತ್ತವೆ. ಕಡತದ ಆರಂಭದ ಲಕ್ಷಣಗಳನ್ನು ಗುರುತಿಸಿ ಅವನ್ನು ಹೊರತೆಗೆಯುತ್ತದೆ. ಇಪ್ಪತ್ತಾರರ ಪ್ರತಿಗಳು ಬೇರೆಡೆ ಇದ್ದವು, ಚಿತ್ರಗಳೂ ಇದ್ದವು, ಅವುಗಳ ಚಿಂತೆಯಿರಲಿಲ್ಲ. ಕೊನೆಯಲ್ಲಿದ್ದ ಹನ್ನೊಂದರಲ್ಲಿ ಆರು ಪೂರ್ತಿ ದೊರೆತವು. ಐದರ ಮೇಲೆ ನಮ್ಮ ಪರೀಕ್ಷೆಯ ಅಂಕಿಗಳು ಕುಳಿತಿದ್ದವು. ಸಿಕ್ಕ ಆರಕ್ಕೂ ಹೆಸರಿರಲಿಲ್ಲ, ಬರಿಯ ಸಂಖ್ಯೆಗಳು. ಯಾವುದು ಯಾವುದೆಂದು ತಿಳಿಯಲು ಆರನ್ನೂ ಕುಳಿತು ಕೇಳಬೇಕಾಯಿತು. ಮಳೆಯ ಮಧ್ಯಾಹ್ನಗಳಲ್ಲಿ ನಾವು, ನಮ್ಮ ಮನೆಯವರು, ಹುಡುಗ ಮೂವರೂ ಕೇಳಿದೆವು. ಅವನು ಗುರುಗಳನ್ನು ನೋಡಿದವನಲ್ಲ. ಎರಡನೆಯ ದಿನ ತಾನಾಗಿ ಒಂದು ಕಾಗದ ತಂದು, ಪ್ರವಚನದ ನಡುವೆ ಬರುವ ಊರು, ವ್ಯಕ್ತಿ, ತಿಥಿಗಳನ್ನು ಬರೆದುಕೊಳ್ಳತೊಡಗಿದನು. ಅವನ ಕಾಗದದಿಂದಲೇ ನಾಲ್ಕಕ್ಕೆ ದಿನಾಂಕ ಕೂಡಿಸಲು ಸಾಧ್ಯವಾಯಿತು.

ತನ್ನ ಬರಹವನ್ನು ಅವನು ಮೊದಲಿನಿಂದ ಬರೆದನು. ಪ್ರತಿ ಡ್ರೈವಿನ ಕ್ರಮಸಂಖ್ಯೆಯನ್ನು ನೋಡಿ ಗುರುತಿಸುವುದೆಂದು ಮೊದಲು ಯೋಚಿಸಿದ್ದನು. ಆದರೆ ಖೊಟ್ಟಿ ಮಾಲಿಗೆ ಕ್ರಮಸಂಖ್ಯೆಯೂ ಖೊಟ್ಟಿಯೇ. ಒಂದೇ ಸಂಖ್ಯೆ ಎಷ್ಟೋ ಡ್ರೈವುಗಳ ಮೇಲಿತ್ತು. ಕೊನೆಗೆ ಹಬ್ಬಿನ ಬಾಯಿಗಳನ್ನೇ ಗುರುತಾಗಿ ಹಿಡಿದನು. ಯಂತ್ರವು ಯಾವ ದಾರಿಯಿಂದ ಯಾವ ಬಾಯಿಗೆ ತಲುಪುತ್ತದೆಂಬ ವಿಳಾಸವನ್ನು ಲಿನಕ್ಸ್ ಬೇರೆ ಒಂದು ಪಟ್ಟಿಯಲ್ಲಿ ಇಟ್ಟಿರುತ್ತದೆ; ಎಷ್ಟು ಸಲ ವಿದ್ಯುತ್ತು ಹೋಗಿ ಬಂದರೂ ಅದು ಬದಲಾಗದು. ಹಬ್ಬಿನ ಹತ್ತು ಬಾಯಿಗಳಿಗೆ ಒಂದರಿಂದ ಹತ್ತರವರೆಗೆ ಚೀಟಿ ಅಂಟಿಸಿದನು. ಹಬ್ಬಿನ ಹೊರಗಿನ ಯಾವ ಬಾಯಿಯನ್ನೂ ಅವನ ಬರಹ ಈಗ ಮುಟ್ಟುವುದಿಲ್ಲ. ಅಳತೆ 16 ಅಲ್ಲದ ಡ್ರೈವನ್ನೂ, ನಮ್ಮ ಇಪ್ಪತ್ತಾರಲ್ಲದೆ ಬೇರೆ ಕಡತವಿರುವ ಡ್ರೈವನ್ನೂ ಬಿಟ್ಟು ಮುಂದೆ ಹೋಗುತ್ತದೆ. ಎಲ್ಲಕ್ಕೂ ಮೊದಲು ಏನೇನು ಅಳಿಸಲಿದ್ದೇನೆಂಬ ಪಟ್ಟಿಯನ್ನು ತೋರಿಸಿ, ಹಬ್ಬಿನಲ್ಲಿ ಎಷ್ಟು ಡ್ರೈವುಗಳಿವೆಯೆಂದು ಕೇಳುತ್ತದೆ. ಹೌದು ಎಂದು ಬರೆದರೆ ಸಾಲದು. ಎಣಿಸಿ ಸಂಖ್ಯೆ ಬರೆಯಬೇಕು. ಹೌದು ಎಂಬುದನ್ನು ನೋಡದೆಯೂ ಬರೆದುಬಿಡುತ್ತಾರೆಂಬುದು ಅವನ ಅನುಭವ. ನಮ್ಮ ವಿಷಯದಲ್ಲಿ ಅದು ನಿಜವೂ ಹೌದು.

ನೂರಿಪ್ಪತ್ತರಲ್ಲಿ ಎಂಬತ್ತೈದು ಸರಿಯಾದವು, ನಾಲ್ಕು ಕೆಟ್ಟವು, ಮೂವತ್ತೊಂದು ಖೊಟ್ಟಿ. ವರ್ತಕರು ಬಹಳ ವಾದದ ಮೇಲೆ ಅರ್ಧ ಹಣ ಮರಳಿಸಿದರು. ಖೊಟ್ಟಿಯವನ್ನು ಎಸೆಯಬೇಕಾಗಲಿಲ್ಲ. ಎಫ್ 3ರ ಜೊತೆಯಲ್ಲಿಯೇ ಬರುವ ಇನ್ನೊಂದು ಅಪ್ಪಣೆಯಿಂದ ಅವುಗಳ ನಿಜವಾದ ನಾಲ್ಕು ಜಿಬಿಯಷ್ಟನ್ನೇ ಬಳಸುವಂತೆ ಕಟ್ಟಿಹಾಕಬಹುದು. ಹಾಗೆ ಮಾಡಿ, ಮೇಲಿದ್ದ 16ನ್ನು ಗೀಚಿ 4 ಎಂದು ಬರೆದು, ಎಂಟೆಂಟು ಪ್ರವಚನ ತುಂಬಿ ಕೊಟ್ಟೆವು. ಬಂಟ್ವಾಳದ ತಾಯಿಗೆ ಎಂಬತ್ತೈದರಲ್ಲಿ ಒಂದನ್ನು ನಾವೇ ಹೋಗಿ ಕೊಟ್ಟು ಬಂದೆವು.

ಆಗಸ್ಟಿನಲ್ಲಿ ಗೆಳೆಯರ ಮಗನ ಮನೆಗೆ ಹೋಗಿ ನಡೆದುದನ್ನು ಹೇಳಿದೆವು. ಆತನು ಸಿಟ್ಟಾಗಲಿಲ್ಲ. ಆರನ್ನು ತೆಗೆದುಕೊಂಡು, “ಕೊನೆಗೆ ನಮ್ಮ ಅಪ್ಪಾರು ಎದ್ದು ಒಂದು ಪ್ರಶ್ನಿ ಕೇಳ್ತಾರಲ್ಲರಿ, ಅದು ಇದರಾಗ ಐತೇನ್ರಿ?” ಎಂದು ಕೇಳಿದನು. ಅದು ಹೋದ ಐದರಲ್ಲಿತ್ತು. ಆ ಪ್ರವಚನ 1984ರ ಶ್ರಾವಣದ ಮೂರನೆಯ ಸೋಮವಾರದ್ದೆಂದು ಆತನಿಗೆ ನೆನಪಿತ್ತು. ಆ ಕಾಲದಲ್ಲಿ ಪ್ರವಚನಕ್ಕೆ ಬಂದವರು ಐದಾರು ಜನ ಟೇಪ್ ರೆಕಾರ್ಡರುಗಳನ್ನು ವೇದಿಕೆಯ ಮೇಲೆ ಸಾಲಾಗಿ ಇಡುತ್ತಿದ್ದರು. ನಮ್ಮೊಡನೆ ಆ ಮಠದಲ್ಲಿ ಓದಿದವರ ಮನೆಗಳಿಗೂ ಈ ಪತ್ರಿಕೆ ಹೋಗುತ್ತದೆಂದು ನಾವು ಬಲ್ಲೆವು. ಆ ವರ್ಷದ ಕ್ಯಾಸೆಟ್ಟು ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ಓಡಿಸಿ ನೋಡುವ ಗೋಜಿಗೆ ಹೋಗದೆ, ಬಿಸಿಲಿಗೂ ಇಡದೆ, ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಬರೆಯಬೇಕು. ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.